ಜಿಂಜ್‌ನಲ್ಲಿ ಕೂತು ನಮ್ಮದೇ ಫೋನ್ ಮಾಡಬಹುದೇ?

ಪ್ರಶ್ನೆ: ನಾವು ನಾಲ್ಕೈದು ಮಂದಿ ಕನ್ನಡಿಗರು ಶುಕ್ರವಾರದ ರಜೆಯಲ್ಲಿ ಸೇರುತ್ತೇವೆ. ಬೆಸುಗೆ ಹಾಕಲು ಬಲ್ಲವರಿದ್ದಾರೆ, ಲಿನಕ್ಸ್ ಬಲ್ಲವರೂ ಇದ್ದಾರೆ. ಕಂಪನಿಗಳ ಹಂಗಿಲ್ಲದೆ ಮುಕ್ತ ತಂತ್ರಾಂಶದ ಮೊಬೈಲ್ ಒಂದನ್ನು ನಾವೇ ತಯಾರಿಸಬಹುದೇ? ಕನ್ನಡನಾಡಿನಲ್ಲಿ ಯಾರಾದರೂ ಇಂಥದಕ್ಕೆ ಕೈಹಾಕಿದ್ದರೇ?
— ಓದುಗರೊಬ್ಬರು, ಜಿಂಜ್, ಬಹರೈನ್

ಉತ್ತರ: ನಿಮ್ಮ ಎರಡನೇ ಪ್ರಶ್ನೆಗೇ ಮೊದಲು ಬರುತ್ತೇನೆ. ಕೈಹಾಕಿದ್ದರು, ಮಾಡಿಯೂ ತೋರಿಸಿದ್ದರು. ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ವಿ. ವಿನಯ್, ರಮೇಶ್ ಹರಿಹರನ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆ ಮೊದಲಾದವರು ಸೇರಿ ಒಂದು ಟ್ರಸ್ಟ್ ಮಾಡಿಕೊಂಡು, 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರನ್ನು ಹೊರತಂದರು. ಅದರೊಳಗಿದ್ದದ್ದು ಲಿನಕ್ಸ್. ಪರದೆ ಕಪ್ಪು-ಬಿಳುಪು, 320ಕ್ಕೆ 240 ಚುಕ್ಕಿಗಳದ್ದು, ಕಡ್ಡಿಯಿಂದ ಮುಟ್ಟಿ ನಡೆಸುವಂಥದ್ದು. ಪ್ರೊಸೆಸರ್ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್. ಇವತ್ತಿನ ಲೆಕ್ಕದಲ್ಲಿ ಇದು ಏನೇನೂ ಅಲ್ಲ, ನಿಜ. ಆದರೆ ಅದರ ಹಿಂದಿನ ಆಲೋಚನೆ ಈಗಲೂ ಹಳತಾಗಿಲ್ಲ.

ಒಂದು ಊರಿಗೆ ಒಂದೇ ಸಾಧನ ಸಾಕು ಎಂಬುದು ಅವರ ಲೆಕ್ಕಾಚಾರ. ಅದಕ್ಕಾಗಿ ಸ್ಮಾರ್ಟ್ ಕಾರ್ಡ್ ತೂರಿಸುವ ಸೀಳು ಇಟ್ಟಿದ್ದರು. ಸಾಧನ ಪಂಚಾಯಿತಿಯದೋ ಅಂಗಡಿಯದೋ ಆಗಿರಲಿ, ಕಾರ್ಡ್ ಮಾತ್ರ ನಿಮ್ಮದು. ನಿಮ್ಮ ಮಾಹಿತಿ ನಿಮ್ಮ ಜೇಬಿನಲ್ಲೇ ಇರುತ್ತದೆ. ಓದಲು ಬಾರದವರಿಗಾಗಿ ಪರದೆಯ ಮೇಲಿನ ಅಕ್ಷರವನ್ನು ಗಟ್ಟಿಯಾಗಿ ಓದಿಹೇಳುವ ‘ಧ್ವನಿ’ ಎಂಬ ತಂತ್ರಾಂಶ ಬಂತು, ಅದು ಕನ್ನಡವನ್ನೂ ಓದುತ್ತಿತ್ತು. ತಂತ್ರಾಂಶದ ಜೊತೆಗೆ ಯಂತ್ರದ ನಕ್ಷೆಯನ್ನೂ ಹಂಚಿಕೊಳ್ಳಬೇಕೆಂದು, ಮುಕ್ತ ತಂತ್ರಾಂಶದ ಪರವಾನಗಿಯಾದ ಜಿಪಿಎಲ್‌ನ ಮಾದರಿಯಲ್ಲಿ ಪ್ರತ್ಯೇಕ ಪರವಾನಗಿಯನ್ನೇ ಬರೆದರು. ಯಂತ್ರಾಂಶಕ್ಕೆ ಇಂಥ ಪರವಾನಗಿ ಬೇಕೆಂದು ಆಗ ಯೋಚಿಸಿದವರು ಜಗತ್ತಿನಲ್ಲೇ ಕಡಿಮೆ.

ಹಾಗಾದರೆ ಅದು ಎಲ್ಲಿ ಹೋಯಿತು? ಕೆಟ್ಟದ್ದು ಬುದ್ಧಿಯಲ್ಲಲ್ಲ, ಬೆಲೆಯಲ್ಲಿ. ಸುಮಾರು ಒಂಬತ್ತು ಸಾವಿರ ರೂಪಾಯಿಗೆ ಕೊಡಬೇಕೆಂಬ ಗುರಿ ಮುಟ್ಟಲು ಲಕ್ಷಗಟ್ಟಲೆ ತಯಾರಾಗಬೇಕಿತ್ತು. ಲಕ್ಷಗಟ್ಟಲೆ ತಯಾರಾಗಲು ಸರ್ಕಾರಗಳ ದೊಡ್ಡ ಬೇಡಿಕೆ ಬರಬೇಕಿತ್ತು. ಕರ್ನಾಟಕದಲ್ಲಿ ಭೂದಾಖಲೆಯ ಕೆಲಸಕ್ಕೆ ಬಳಕೆಯಾದದ್ದು ಬಿಟ್ಟರೆ ಅಂಥ ಬೇಡಿಕೆ ಬರಲಿಲ್ಲ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ‘ಅಮಿಡ’ ಎಂಬ ಹೆಸರಿನಲ್ಲಿ ಅಂಗಡಿಗೆ ಬಂದಾಗ ಕಪ್ಪು-ಬಿಳುಪಿನದ್ದೇ ಹತ್ತು ಸಾವಿರದ ಹತ್ತಿರವಿತ್ತು. ಕೈಯಲ್ಲಿ ವಾಲಿಸಿದರೆ ಸಾಧನಕ್ಕೆ ತಿಳಿಯುತ್ತಿತ್ತು. ಐಫೋನ್ ಬರುವುದಕ್ಕೆ ಇನ್ನೂ ಮೂರು ವರ್ಷವಿತ್ತು ಎಂಬುದನ್ನು ನೆನಪಿಡಿ! ಆದರೆ 2003ರಲ್ಲೇ ರಿಲಯನ್ಸ್ 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಕೈಗಿತ್ತಿತ್ತು. ಜನರಿಗೆ ಮೊದಲು ಬೇಕಿದ್ದದ್ದು ಊರಿಗೆ ಫೋನ್ ಮಾಡುವುದು. ಸಿಂಪ್ಯೂಟರ್ ಫೋನ್ ಆಗಿರಲಿಲ್ಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ಅಂಗೈ ಕಂಪ್ಯೂಟರ್ ಬೇಕೆಂದರೆ ಖಂಡಿತ ಮಾಡಬಹುದು. ರಾಸ್ಪ್‌ಬೆರಿ ಪೈ ಝೀರೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಚಿಕ್ಕ ಪರದೆ, ಲಿಥಿಯಂ ಬ್ಯಾಟರಿ, ಅದಕ್ಕೆ ಚಾರ್ಜಿಂಗ್ ಬೋರ್ಡ್, 3ಡಿ ಪ್ರಿಂಟರಿನಲ್ಲಿ ತೆಗೆದ ಕವಚ ಇದ್ದರಾಯಿತು. ಅಲ್ಲಿನ ಬಿಸಿಲನ್ನು ನನಗಿಂತ ನೀವೇ ಚೆನ್ನಾಗಿ ಬಲ್ಲಿರಿ, ಆದರೂ ಹೇಳುತ್ತೇನೆ: ಪ್ರಿಂಟರಿನವರು ಸಾಮಾನ್ಯವಾಗಿ ಕೊಡುವ ಪಿಎಲ್ಎ ಪ್ಲಾಸ್ಟಿಕ್ 60 ಡಿಗ್ರಿಗೆಲ್ಲ ಮೆತ್ತಗಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟರೆ ಕವಚ ಸೊಟ್ಟಗಾಗುವುದು ಖಂಡಿತ. ಎಬಿಎಸ್‌ನಲ್ಲಿ ಮಾಡಿಸಿ. ಬ್ಯಾಟರಿಯನ್ನಂತೂ ಕಾರಿನಲ್ಲಿ ಬಿಡಲೇಬೇಡಿ.

ಫೋನೇ ಬೇಕೆಂದರೆ ದಾರಿ ಬೇರೆ. ಕರೆ ಮಾಡಿಸುವ ಮೋಡೆಮ್ ತನ್ನದೇ ಮುಚ್ಚಿದ ತಂತ್ರಾಂಶವಿರುವ ಇನ್ನೊಂದು ಕಂಪ್ಯೂಟರ್ ಇದ್ದಂತೆ. ನಿಮ್ಮ ಲಿನಕ್ಸ್ ಎಷ್ಟೇ ಮುಕ್ತವಾಗಿರಲಿ, ಆ ಬಾಗಿಲು ಪೂರ್ತಿ ತೆರೆಯುವುದಿಲ್ಲ. ರೇಡಿಯೊ ತರಂಗ ಹೊಮ್ಮಿಸುವ ಸಾಧನವಾದ್ದರಿಂದ ಬಹರೈನಿನ ದೂರಸಂಪರ್ಕ ನಿಯಂತ್ರಕರಾದ ಟಿಆರ್‌ಎಯ ನಿಯಮಗಳನ್ನೂ ಮೊದಲೇ ವಿಚಾರಿಸಿಕೊಳ್ಳಬೇಕು. ತೈವಾನಿನಲ್ಲಿ ಹುಟ್ಟಿದ ಓಪನ್‌ಮೋಕೊ ಯೋಜನೆಯ ಕಥೆ ಕೇಳಿ. 2008ರ ಅದರ ನಿಯೊ ಫ್ರೀರನ್ನರ್ ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಗುಂಯ್ ಎಂಬ ಸದ್ದು ಕೇಳುತ್ತಿತ್ತು, ಫೋನಿನದೇ ಜಿಎಸ್‌ಎಂ ರೇಡಿಯೊ ಮೈಕಿನ ಸರ್ಕ್ಯೂಟಿಗೆ ನುಗ್ಗುತ್ತಿತ್ತು. ಸರ್ಕ್ಯೂಟಿನ ನಕ್ಷೆ ಎಲ್ಲರ ಕೈಯಲ್ಲೂ ಇದ್ದುದರಿಂದ ಬಳಕೆದಾರರೇ ಅಲ್ಲಲ್ಲಿ ಸೇರಿ, ಫೋನ್ ಬಿಚ್ಚಿ, ಕೆಪಾಸಿಟರ್ ಬೆಸೆದು ರಿಪೇರಿ ಮಾಡಿಕೊಂಡರು. ಸಮುದಾಯದ ಫೋನ್ ಅಂದರೆ ಇದು: ರೋಗವೂ ನಿಮ್ಮದೇ, ಮದ್ದೂ ನಿಮ್ಮದೇ. ಮುಂದಿನ ವರ್ಷವೇ ಓಪನ್‌ಮೋಕೊ ಕಂಪನಿ ಫೋನ್ ಅಭಿವೃದ್ಧಿ ನಿಲ್ಲಿಸಿತು.

ಆಮೇಲೆ ಬಂದ ಪೈನ್‌ಫೋನ್ ಎಂಬ ಲಿನಕ್ಸ್ ಫೋನ್ 150 ಡಾಲರಿಗೆ 2020ರಲ್ಲಿ ಜನರ ಕೈ ಸೇರಿತು. ಹಿಂಬದಿಯ ಮುಚ್ಚಳ ತೆಗೆದರೆ ಮೋಡೆಮ್, ವೈಫೈ, ಮೈಕು, ಕ್ಯಾಮೆರಾಗಳನ್ನು ಆರಿಸುವ ಪುಟ್ಟ ಸ್ವಿಚ್ಚುಗಳು ಸಾಲಾಗಿ ಕಾಣುತ್ತವೆ. ಗುಟ್ಟು ಕಾಪಾಡಲು ಇದಕ್ಕಿಂತ ನೇರವಾದ ಉಪಾಯ ಇನ್ನೊಂದಿಲ್ಲ. ಆದರೆ ಪ್ರೊಸೆಸರ್ ನಿಧಾನ, ಬ್ಯಾಟರಿ ಬಾಳಿಕೆ ಕಮ್ಮಿ. ಮನೆಯವರಿಗೆ ದಿನಬಳಕೆಗೆ ಕೊಟ್ಟರೆ ಬೈಸಿಕೊಳ್ಳುತ್ತೀರಿ.

ಆದ್ದರಿಂದ ನನ್ನ ಸಲಹೆ ಇಷ್ಟು. ಸರ್ಕ್ಯೂಟ್ ಬೋರ್ಡಿನಿಂದ ಶುರುಮಾಡಬೇಡಿ. 2017ರಲ್ಲಿ ಆರಂಭವಾದ ಪೋಸ್ಟ್‌ಮಾರ್ಕೆಟ್‌ಒಎಸ್ ಎಂಬ ಲಿನಕ್ಸ್, ಫೋನ್ ಹತ್ತು ವರ್ಷವಾದರೂ ಬಾಳಬೇಕು ಎಂಬ ಹಟದಿಂದ ಹುಟ್ಟಿದ್ದು. ಅದು ನಡೆಯುವ ಫೋನುಗಳ ಪಟ್ಟಿ ನೋಡಿ. ಕರೆ, ಕ್ಯಾಮೆರಾ, ಧ್ವನಿ ಯಾವುದರಲ್ಲಿ ಕೆಲಸ ಮಾಡುತ್ತವೆಂದು ಒಂದೊಂದಾಗಿ ಬರೆದಿರುತ್ತಾರೆ. 4ಜಿ ಮೇಲೆ ಕರೆ ಹೋಗುತ್ತದೋ ಇಲ್ಲವೋ ಎಂಬುದನ್ನು ಮುಖ್ಯವಾಗಿ ಗಮನಿಸಿ. ಹಳೆಯ ವನ್‌ಪ್ಲಸ್ 6 ಸಿಕ್ಕರೆ ಕಲಿಯಲು ಒಳ್ಳೆಯದು.

ಕನ್ನಡದ ಕೆಲಸವೂ ಅಲ್ಲೇ ಇದೆ. ಫಾಂಟ್ ಹಾಕಿಕೊಳ್ಳದಿದ್ದರೆ ಅಕ್ಷರದ ಬದಲು ಬರೀ ಚೌಕಗಳು ಕಾಣುತ್ತವೆ. ನೋಟೊ ಸಾನ್ಸ್ ಕನ್ನಡವನ್ನೋ, ಅರವಿಂದ ವಿ.ಕೆ. ರೂಪಿಸಿದ ಮುಕ್ತ ಫಾಂಟುಗಳಾದ ಗುಬ್ಬಿ, ನವಿಲುಗಳನ್ನೋ ಹಾಕಿ. ಇಂಥ ಫೋನುಗಳಲ್ಲಿ ಬಳಸುವ ಸ್ಕ್ವೀಕ್‌ಬೋರ್ಡ್ ಕೀಲಿಮಣೆಯ ವಿನ್ಯಾಸ ಒಂದು ಸಾದಾ ಪಠ್ಯ ಕಡತ. ಯಾವ ಸಾಲಿನಲ್ಲಿ ಯಾವ ಅಕ್ಷರ, ಒತ್ತಕ್ಷರಕ್ಕೆ ಯಾವ ಕೀಲಿ ಎಂದು ನೀವೇ ಬರೆದಿಡಬಹುದು. ಇದಕ್ಕೆ ಕಾರ್ಖಾನೆ ಬೇಡ, ಅನುಮತಿ ಬೇಡ, ಅಚ್ಚಿನ ಖರ್ಚೂ ಇಲ್ಲ. ಇಲ್ಲಿಂದಲೇ ಶುರುಮಾಡಿ, ಮಾಡಿದ್ದನ್ನು ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಬಿಡಿ.