ಕಾನೂನು ತಿಳಿವಳಿಕೆ: ಹೊಡೆತದ ದೂರನ್ನು ಕೋರ್ಟಿನಲ್ಲಿ ರುಜುವಾತುಪಡಿಸುವುದು ಹೇಗೆ?

ನೀರಿನ ಸರದಿ, ಬೇಲಿಯ ಗಡಿ, ಸೊಪ್ಪಿನ ಬೆಟ್ಟ, ತೋಟಕ್ಕೆ ಹೋಗುವ ದಾರಿ - ಬೆಳೆಗಾರರ ನಡುವೆ ಮಾತಿಗೆ ಮಾತು ಬೆಳೆಯುವುದು ಹೆಚ್ಚಾಗಿ ಇವುಗಳಿಂದಲೇ. ಮಾತು ಮೀರಿ ಕೈ ಮುಂದಾದರೆ ಒಬ್ಬರು ಠಾಣೆಯ ಮೆಟ್ಟಿಲು ಹತ್ತುತ್ತಾರೆ. ಮಾರನೆಯ ದಿನ ಎದುರಿನವರೂ ಹತ್ತುತ್ತಾರೆ. ಆಮೇಲೆ ಕೊಯ್ಲಿನ ಕೆಲಸ ಬಿಟ್ಟು ಕೋರ್ಟಿಗೆ ಅಲೆದಾಟ. ಕೊನೆಗೆ, ನಿಜವಾಗಿ ಪೆಟ್ಟು ತಿಂದವರ ದೂರೂ "ರುಜುವಾತಾಗಿಲ್ಲ" ಎಂದು ಬಿದ್ದುಹೋಗುವುದುಂಟು. ಹೀಗೇಕಾಗುತ್ತದೆ ಎಂಬುದನ್ನು ಸದಸ್ಯ ಬಾಂಧವರಿಗೆ ಇಲ್ಲಿ ವಿವರಿಸುತ್ತೇವೆ. ಸುಳ್ಳು ಆರೋಪಕ್ಕೆ ಗುರಿಯಾದವರಿಗೂ ಈ ಪಾಠ ಉಪಯೋಗಕ್ಕೆ ಬಂದೀತು.

ಕಾಯಿದೆ ಏನು ಹೇಳುತ್ತದೆ?

2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಸ್ಥಾನಕ್ಕೆ ಭಾರತೀಯ ನ್ಯಾಯ ಸಂಹಿತೆ, 2023 ಬಂದಿದೆ. "323" ಎಂದು ಹಳ್ಳಿಹಳ್ಳಿಗೂ ಪರಿಚಿತವಾಗಿದ್ದ ಸಾಧಾರಣ ಹೊಡೆತದ ಅಪರಾಧ ಈಗ 115(2)ನೇ ಕಲಮಿನಲ್ಲಿದೆ. ಶಿಕ್ಷೆ 1 ವರ್ಷದವರೆಗಿನ ಸೆರೆವಾಸ, ಇಲ್ಲವೆ 10,000 ರೂಪಾಯಿವರೆಗಿನ ದಂಡ, ಅಥವಾ ಎರಡೂ. ಮೊದಲು ದಂಡದ ಮಿತಿ 1,000 ರೂಪಾಯಿ ಇತ್ತು. ಆ ದಿನಾಂಕಕ್ಕೆ ಮುಂಚೆ ನಡೆದ ಘಟನೆಗೆ ಹಳೆಯ ಕಲಮೇ ಅನ್ವಯಿಸುತ್ತದೆ.

ಕಾಯಿದೆಯ ಪ್ರಕಾರ ದೇಹಕ್ಕೆ ನೋವು, ರೋಗ ಅಥವಾ ನಿಶ್ಶಕ್ತಿ ಉಂಟುಮಾಡುವುದೇ "ಗಾಯ". ರಕ್ತ ಬರಲೇಬೇಕೆಂದಿಲ್ಲ, ಕೆನ್ನೆಗೆ ಹೊಡೆದರೂ ಸಾಕು. ಆದರೆ ಮೂಳೆ ಮುರಿದರೆ, ಹಲ್ಲು ಮುರಿದರೆ, ಅಥವಾ 15 ದಿನ ತಮ್ಮ ನಿತ್ಯದ ಕೆಲಸ ಮಾಡಲಾಗದಂತಾದರೆ ಅದು ತೀವ್ರ ಗಾಯ. ಅದರ ಶಿಕ್ಷೆ 7 ವರ್ಷದವರೆಗೆ ಹೋಗುತ್ತದೆ. ಕತ್ತಿಯಂಥ ಆಯುಧದಿಂದ ಕಡಿದಿದ್ದರೆ ಗಾಯ ಸಣ್ಣದಾದರೂ 118(1)ನೇ ಕಲಂ ಬರುತ್ತದೆ. ತೋಟದವರ ಸೊಂಟದಲ್ಲಿ ಕತ್ತಿ ಸದಾ ಇರುವುದರಿಂದ ಇದನ್ನು ಮರೆಯಬಾರದು.

ಇನ್ನೊಂದು ಮಾತು. ಪೆಟ್ಟು ತಿಂದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ಹೊಡೆದವರು ಆ ವರ್ಗಗಳಿಗೆ ಸೇರದವರಾಗಿದ್ದರೆ 1989ರ ದೌರ್ಜನ್ಯ ತಡೆ ಕಾಯಿದೆ ಅನ್ವಯವಾಗಬಹುದು. ಅದರ ವಿಚಾರಣೆ ವಿಶೇಷ ನ್ಯಾಯಾಲಯದಲ್ಲಿ. ಕೂಲಿಯಾಳುಗಳ ಮೇಲೆ ಕೈ ಮಾಡುವುದು "ಸಣ್ಣ ಕೇಸು" ಎಂದು ಯಾರೂ ಭಾವಿಸಬಾರದು.

ರುಜುವಾತಾಗಬೇಕಾದ ಅಂಶಗಳು

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಮೇಲಿನ ತೋಟದವರು ಸರದಿ ಮೀರಿ ನೀರು ಕಟ್ಟಿಕೊಂಡರು. ಕೆಳಗಿನ ತೋಟದವರು ಹೋಗಿ ಕೇಳಿದಾಗ ಜಗಳವಾಗಿ, ಮೇಲಿನವರು ಹಾರೆಯ ಕಾವಿನಿಂದ ಭುಜಕ್ಕೆ ಹೊಡೆದರು. ಕೆಳಗಿನವರು ದೂರು ಕೊಟ್ಟರೆ ಈ ಮೂರು ಅಂಶಗಳು ಸಿದ್ಧಪಡಬೇಕು:

1. ಹೊಡೆದವರು ಈ ಆರೋಪಿಯೇ, ಬೇರೆಯವರಲ್ಲ.
2. ಆ ಹೊಡೆತದಿಂದಲೇ ನೋವು ಉಂಟಾಯಿತು.
3. ನೋವಾಗಲೆಂದು ಉದ್ದೇಶಿಸಿ, ಅಥವಾ ನೋವಾಗುವ ಸಂಭವವಿದೆಯೆಂದು ತಿಳಿದೇ ಹೊಡೆದರು, ಆಕಸ್ಮಿಕವಾಗಿ ತಾಗಿದ್ದಲ್ಲ.

ಇವುಗಳನ್ನು ಸಂಶಯಕ್ಕೆಡೆಯಿಲ್ಲದಂತೆ ಸಾಧಿಸುವ ಹೊಣೆ ಆರೋಪ ಹೊರಿಸಿದ ಪಕ್ಷದ್ದು. ಆರೋಪಿ ಬಾಯಿ ಬಿಡದೆ ಕುಳಿತರೂ ಅದೇ ತಪ್ಪೊಪ್ಪಿಗೆಯಾಗದು. ಮೂರರಲ್ಲಿ ಒಂದರ ಬಗೆಗೆ ಸಕಾರಣವಾದ ಸಂಶಯ ಉಳಿದರೂ ಅದರ ಲಾಭ ಆರೋಪಿಗೇ.

ಠಾಣೆಯಲ್ಲಿ ಆಗುವುದೇನು?

115(2)ರ ಅಪರಾಧ ಅಸಂಜ್ಞೇಯ ಹಾಗೂ ಜಾಮೀನು ಸಿಗುವಂಥದ್ದು. ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ. ಅವರು ದೂರನ್ನು ಪುಸ್ತಕದಲ್ಲಿ ಬರೆದುಕೊಂಡು, ಕೋರ್ಟಿಗೆ ಹೋಗಿ ಎಂದು ತಿಳಿಸುತ್ತಾರೆ. "ಪೊಲೀಸರು ಕೇಸೇ ಹಾಕಲಿಲ್ಲ" ಎಂದು ಅನೇಕರು ಕೈಬಿಡುವುದು ಇಲ್ಲಿಯೇ. ಬರೆದುಕೊಂಡದ್ದಕ್ಕೆ ಹಿಂಬರಹ ಕೇಳಿ ಪಡೆಯಬೇಕು. ದೂರಿನಲ್ಲಿ ಒಂದಾದರೂ ಸಂಜ್ಞೇಯ ಅಪರಾಧವಿದ್ದರೆ, ಉದಾಹರಣೆಗೆ ದಾರಿ ಅಡ್ಡಗಟ್ಟಿ ತಡೆದದ್ದಿದ್ದರೆ, ಪೂರ್ತಿ ಪ್ರಕರಣವನ್ನು ಪೊಲೀಸರೇ ತನಿಖೆ ಮಾಡಬಹುದು. ಆದರೆ ಕೇಸಿಗೆ ತೂಕ ಬರಲೆಂದು ನಡೆಯದ್ದನ್ನು ಸೇರಿಸಿದರೆ ಮುಂದೆ ಅದೇ ಮುಳುವಾಗುತ್ತದೆ.

ಪೊಲೀಸ್ ತನಿಖೆ ಆಗದಿದ್ದರೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟರಿಗೆ ಖಾಸಗಿ ಫಿರ್ಯಾದು ಸಲ್ಲಿಸಬಹುದು. ಅವರು ಫಿರ್ಯಾದಿಯ ಮತ್ತು ಹಾಜರಿರುವ ಸಾಕ್ಷಿಗಳ ಹೇಳಿಕೆಯನ್ನು ಪ್ರಮಾಣ ಮಾಡಿಸಿ ಪಡೆಯುತ್ತಾರೆ. ಹೊಸ ಸಂಹಿತೆಯಂತೆ ಆರೋಪಿಯ ಮಾತು ಕೇಳಲು ಅವಕಾಶ ಕೊಟ್ಟ ಮೇಲೆಯೇ ಪ್ರಕರಣವನ್ನು ವಿಚಾರಣೆಗೆ ಅಂಗೀಕರಿಸುತ್ತಾರೆ. ಈ ಅಪರಾಧಕ್ಕೆ ಕಾಲಮಿತಿ 1 ವರ್ಷ. "ಮುಂದಿನ ಕೊಯ್ಲು ಮುಗಿಯಲಿ" ಎಂದು ಕುಳಿತರೆ ಹಕ್ಕು ಕೈತಪ್ಪೀತು.

ಸಾಕ್ಷ್ಯ

ಮೊದಲನೆಯದು ವೈದ್ಯರ ದಾಖಲೆ. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ತೋರಿಸಿ, ಗಾಯದ ಪ್ರಮಾಣ ಪತ್ರಕ್ಕೆ ಕೇಳಿಕೊಳ್ಳಬೇಕು. ವೈದ್ಯರು ಕಾರಣ ಕೇಳಿದಾಗ ಮರ್ಯಾದೆಗೆ ಅಂಜಿ "ಜಾರಿ ಬಿದ್ದೆ" ಎಂದು ಬರೆಸಿದರೆ ಕೇಸು ಅಲ್ಲಿಗೇ ಮುಗಿದಂತೆ. ಅಡಿಕೆ ತೋಟದ ಬಸಿಗಾಲುವೆಯಲ್ಲಿ ಜಾರಿ ಬೀಳುವುದು ಸಾಮಾನ್ಯ. ಎದುರು ವಕೀಲರು ಅದನ್ನೇ ಹಿಡಿಯುತ್ತಾರೆ. ಪ್ರಮಾಣ ಪತ್ರವನ್ನು ಎದುರು ಪಕ್ಷ ಒಪ್ಪದಿದ್ದರೆ ಅದನ್ನು ಬರೆದ ವೈದ್ಯರು ಕೋರ್ಟಿಗೆ ಬಂದು ಹೇಳಬೇಕಾಗುತ್ತದೆ.

ಎರಡನೆಯದು ಕಂಡವರ ಮಾತು. ಇಂತಿಷ್ಟು ಮಂದಿ ಸಾಕ್ಷಿಗಳು ಬೇಕೆಂದು ಕಾಯಿದೆ ಹೇಳುವುದಿಲ್ಲ. ನಂಬಿಕೆಗೆ ಅರ್ಹರಾದ ಒಬ್ಬರೇ ಸಾಕು, ಗಾಯಗೊಂಡವರ ಮಾತಿಗೂ ಒಳ್ಳೆಯ ಬೆಲೆಯಿದೆ. ಮನೆಯವರೆಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ತಳ್ಳಿಹಾಕುವುದಿಲ್ಲ, ಆದರೆ ಹೆಚ್ಚು ಎಚ್ಚರದಿಂದ ಪರಿಶೀಲಿಸುತ್ತಾರೆ. ಪಕ್ಕದಲ್ಲಿ ಕೊನೆ ಇಳಿಸುತ್ತಿದ್ದವರು, ಕಾಫಿ ಕೊಯ್ಯುತ್ತಿದ್ದವರು ನೋಡಿದ್ದರೆ ಅವರ ಹೆಸರು ಮೊದಲ ದೂರಿನಲ್ಲೇ ಇರಲಿ. ತಿಂಗಳುಗಳ ಮೇಲೆ ಹೊಸ ಸಾಕ್ಷಿ ಹುಟ್ಟಿಕೊಂಡರೆ ಯಾರೂ ನಂಬುವುದಿಲ್ಲ.

ಮೂರನೆಯದು ವಸ್ತು ಮತ್ತು ಚಿತ್ರ. ರಕ್ತವಾದ ಅಂಗಿಯನ್ನು ತೊಳೆಯದೆ ಇಡಿ. ಯಾರಾದರೂ ಮೊಬೈಲಿನಲ್ಲಿ ಚಿತ್ರ ತೆಗೆದಿದ್ದರೆ ಮೂಲ ಚಿತ್ರವನ್ನು ಅಳಿಸದೆ ಆ ಫೋನನ್ನೂ ಜೋಪಾನ ಮಾಡಿಸಿ. ಪ್ರತಿಯನ್ನು ಹಾಜರುಪಡಿಸಲು ಕಾಯಿದೆಯಂತೆ ಪ್ರಮಾಣ ಪತ್ರ ಬೇಕಾಗುತ್ತದೆ.

ಕೇಸು ಎಲ್ಲಿ ಮುರಿಯುತ್ತದೆ?

ಬಹುಮಟ್ಟಿಗೆ ಉತ್ಪ್ರೇಕ್ಷೆಯಲ್ಲಿ. ಹೊಡೆದವರು ಒಬ್ಬರು, ದೂರಿನಲ್ಲಿ ಅವರ ಅಣ್ಣ, ತಮ್ಮ, ಮಗ ಎಲ್ಲರ ಹೆಸರು. ಬಿದ್ದದ್ದು ಒಂದು ಪೆಟ್ಟು; ಬರೆಸಿದ್ದು "ದೊಣ್ಣೆಗಳಿಂದ ಮನಬಂದಂತೆ ಥಳಿಸಿದರು". ವೈದ್ಯರು ಕಂಡದ್ದು ಭುಜದ ಮೇಲೊಂದು ಕಂದಿದ ಗುರುತು ಮಾತ್ರ. ಪಾಟೀಸವಾಲಿನಲ್ಲಿ ಈ ಮೂರನ್ನೂ ಅಕ್ಕಪಕ್ಕ ಇಟ್ಟಾಗ ನಿಜವಾದ ಆ ಒಂದು ಪೆಟ್ಟೂ ಸಂಶಯಕ್ಕೆ ಸಿಲುಕುತ್ತದೆ. ಎರಡನೆಯ ಕಾರಣ ವಿಳಂಬ. ತಡವಾಗಿದ್ದರೆ ಏಕೆ ತಡವಾಯಿತೆಂದು ದೂರಿನಲ್ಲೇ ಹೇಳಬೇಕು. ಮೂರನೆಯದು ಗೈರುಹಾಜರಿ. ಖಾಸಗಿ ಫಿರ್ಯಾದಿ ದಿನಾಂಕಕ್ಕೆ ಬರದಿದ್ದರೆ, 30 ದಿನಗಳ ಅವಕಾಶ ಕೊಟ್ಟ ಮೇಲೆ ಆರೋಪಿಯನ್ನು ಬಿಡುಗಡೆ ಮಾಡಲು ಕಾಯಿದೆಯಲ್ಲಿ ಅವಕಾಶವಿದೆ.

ಆರೋಪಿಯ ಪಕ್ಷ

ತನ್ನ ಅಥವಾ ಇನ್ನೊಬ್ಬರ ದೇಹವನ್ನೂ, ಕಳವು, ನಷ್ಟ ಹಾಗೂ ಅತಿಕ್ರಮಣದಿಂದ ಸ್ವತ್ತನ್ನೂ ಕಾಪಾಡಿಕೊಳ್ಳುವ ಹಕ್ಕು ಪ್ರತಿಯೊಬ್ಬರಿಗೂ ಇದೆ. ರಾತ್ರಿ ಅಡಿಕೆ ಕೊನೆ ಕದಿಯುತ್ತಿದ್ದವನನ್ನು ತಡೆಯುವಾಗ ಪೆಟ್ಟಾಗಿದ್ದರೆ ಈ ಹಕ್ಕನ್ನು ಮುಂದಿಡಬಹುದು. ಅದನ್ನು ಸಂಶಯಾತೀತವಾಗಿ ಸಾಧಿಸಬೇಕಿಲ್ಲ. ಸಂಭವನೀಯವೆಂದು ತೋರಿಸಿದರೆ ಸಾಕು. ಆದರೆ ಅಗತ್ಯಕ್ಕಿಂತ ಹೆಚ್ಚು ಹೊಡೆಯುವಂತಿಲ್ಲ. ಕಳ್ಳನನ್ನು ಹಿಡಿದು ಕಟ್ಟಿಹಾಕಿದ ಮೇಲೆ ಹೊಡೆದರೆ ಅದು ರಕ್ಷಣೆಯಲ್ಲ, ಅಪರಾಧ.

ರಾಜಿಯ ದಾರಿ

115(2)ರ ಪ್ರಕರಣವನ್ನು ಗಾಯಗೊಂಡವರು ಕೋರ್ಟಿನ ಅನುಮತಿಯನ್ನೂ ಬೇಡದೆ ರಾಜಿ ಮಾಡಿಕೊಳ್ಳಬಹುದು. ರಾಜಿಯಾದರೆ ಆರೋಪಿ ಬಿಡುಗಡೆಯಾದಂತೆಯೇ. ಲೋಕ ಅದಾಲತ್ತಿನಲ್ಲೂ ಇದು ಸಾಧ್ಯ. ಒಂದು ವಿಷಯ ಸ್ಪಷ್ಟವಿರಲಿ: ಹೊಡೆತದ ಕೇಸು ಗೆದ್ದರೂ ನೀರಿನ ಸರದಿ ತೀರ್ಮಾನವಾಗುವುದಿಲ್ಲ, ಬೇಲಿ ಒಂದಡಿಯೂ ಸರಿಯುವುದಿಲ್ಲ. ಅದಕ್ಕೆ ಸರ್ವೆ ಇಲಾಖೆ, ಸಿವಿಲ್ ಕೋರ್ಟು ಬೇರೆಯೇ ಇವೆ. ಆದುದರಿಂದ ರಾಜಿಗೆ ಕುಳಿತಾಗ ಪೆಟ್ಟಿನ ಲೆಕ್ಕದ ಜೊತೆಗೆ ನೀರಿನ ಲೆಕ್ಕವನ್ನೂ ಕಾಗದದ ಮೇಲೆ ಬರೆದು ಮುಗಿಸುವುದು ಜಾಣತನ. ಹಾಗೆಂದು ಹೆದರಿಸಿ ಮಾಡಿಸುವ ರಾಜಿಗೆ ಯಾರೂ ಮಣಿಯಬೇಕಿಲ್ಲ. ವಕೀಲರ ಖರ್ಚು ಭರಿಸಲಾಗದವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ನೆರವು ಕೇಳಬಹುದು.

ನೆನಪಿಡಬೇಕಾದದ್ದು

1. ಅದೇ ದಿನ ಆಸ್ಪತ್ರೆ, ಅದೇ ದಿನ ಠಾಣೆ.
2. ನಡೆದಷ್ಟನ್ನೇ ಬರೆಸಿ, ಓದಿಸಿ ಕೇಳಿದ ಮೇಲೆ ಸಹಿ ಹಾಕಿ.
3. ಹಿಂಬರಹ, ಆಸ್ಪತ್ರೆ ಚೀಟಿ, ಚಿತ್ರಗಳನ್ನು ಒಂದೆಡೆ ಇಡಿ.
4. 1 ವರ್ಷದ ಗಡುವು ಮೀರದಿರಲಿ.
5. ಕೋರ್ಟಿನ ದಿನಾಂಕ ತಪ್ಪಿಸಬೇಡಿ.

ತೋಟ ಮಾರಿದರೂ ನೆರೆ ಬದಲಾಗುವುದು ಕಷ್ಟ. ಇಂದು ಎದುರು ನಿಂತವರ ಮಕ್ಕಳೇ ನಾಳೆ ನಮ್ಮ ಮಕ್ಕಳೊಡನೆ ಒಂದೇ ಕಾಲುವೆಯ ನೀರು ಹಂಚಿಕೊಳ್ಳಬೇಕು. ಕೋರ್ಟಿಗೆ ಹೋಗಲೇಬೇಕಾದರೆ ಸತ್ಯವನ್ನಷ್ಟೇ ಹೊತ್ತುಕೊಂಡು ಹೋಗೋಣ.