ಪೀಟ್: ಅರ್ಥ, ಉಗಮ ಮತ್ತು ಉಪಯೋಗ

ಬೋಧನಾಭ್ಯಾಸಕ್ಕೆ ನಾನು ಆರಿಸಿಕೊಂಡದ್ದು ಎಂಟನೇ ತರಗತಿಯ ‘ಕಲ್ಲಿದ್ದಲು ಮತ್ತು ಪೆಟ್ರೋಲಿಯಂ’ ಘಟಕ. ಕಲ್ಲಿದ್ದಲಿನ ಹಂತಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ: ಪೀಟ್, ಲಿಗ್ನೈಟ್, ಬಿಟುಮಿನಸ್, ಆಂತ್ರಸೈಟ್. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ನಮ್ಮಪ್ಪ ಕೆಲಸ ಮಾಡೋ ನರ್ಸರೀಲಿ ಕೋಕೋಪೀಟ್ ಇರುತ್ತೆ. ಅದೂ ಕಲ್ಲಿದ್ದಲು ಆಗುತ್ತಾ?” ಎಂದು ಕೇಳಿದಳು. ಅವಧಿ ಮುಗಿಯುತ್ತಿತ್ತು. “ಹೌದು, ಅದೂ ಒಂದು ಬಗೆಯ ಪೀಟ್” ಎಂದುಬಿಟ್ಟೆ. ಉತ್ತರ ತಪ್ಪೆಂದು ಸಂಜೆ ಓದುವಾಗ ತಿಳಿಯಿತು. ಮರುಪಾಠಕ್ಕೆ ಸಿದ್ಧಪಡಿಸಿಕೊಂಡ ವಿಷಯವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಅರ್ಥ ಮತ್ತು ಉಗಮ

ಜೌಗು ನೆಲದಲ್ಲಿ ಅರೆಬರೆ ಕೊಳೆತು ಶೇಖರವಾದ ಸಸ್ಯಾವಶೇಷವೇ ಪೀಟ್. ನಮ್ಮ ಗೊಬ್ಬರದ ಗುಂಡಿಯಲ್ಲಿ ಎಲೆ ಕೆಲವೇ ತಿಂಗಳಲ್ಲಿ ಮಣ್ಣಾಗುತ್ತದೆ, ಏಕೆಂದರೆ ಅಲ್ಲಿ ಸೂಕ್ಷ್ಮಜೀವಿಗಳಿಗೆ ಗಾಳಿ ದೊರೆಯುತ್ತದೆ. ಜೌಗಿನಲ್ಲಿ ನೀರು ಸದಾ ನಿಂತಿರುವುದರಿಂದ ಆಮ್ಲಜನಕ ಕೆಳಗಿಳಿಯುವುದಿಲ್ಲ. ಹಲವೆಡೆ ನೀರು ಆಮ್ಲೀಯವೂ ಆಗಿರುತ್ತದೆ. ಕೊಳೆಯುವ ವೇಗಕ್ಕಿಂತ ಬೆಳೆಯುವ ವೇಗ ಹೆಚ್ಚಾದಾಗ ಪದರದ ಮೇಲೆ ಪದರ ಕೂಡುತ್ತದೆ. ಸರಾಸರಿ ವರ್ಷಕ್ಕೆ ಸುಮಾರು 1 ಮಿಲಿಮೀಟರ್. ಅಂದರೆ 1 ಮೀಟರ್ ಪೀಟ್‌ಗೆ ಸುಮಾರು 1000 ವರ್ಷ ಬೇಕು. ಇದು ಮಣ್ಣಿನಡಿ ಹೂತು, ಕೋಟ್ಯಂತರ ವರ್ಷಗಳ ಒತ್ತಡ ಮತ್ತು ಶಾಖಕ್ಕೆ ಸಿಕ್ಕರೆ ಲಿಗ್ನೈಟ್, ಮುಂದೆ ಕಲ್ಲಿದ್ದಲು ಆಗುತ್ತದೆ.

ನಮಗೆ ಹತ್ತಿರದ ಉದಾಹರಣೆ

ಪೀಟ್ ಎಂದರೆ ಐರ್ಲೆಂಡ್, ಫಿನ್ಲೆಂಡ್ ಎಂದೇ ನಾನು ತಿಳಿದಿದ್ದೆ. ಆದರೆ ಮೈಸೂರಿನಿಂದ ಗುಂಡ್ಲುಪೇಟೆ ದಾಟಿ ಹೋದರೆ ಸಿಗುವ ನೀಲಗಿರಿಯಲ್ಲೇ, 2000 ಮೀಟರಿಗಿಂತ ಎತ್ತರದ ಹುಲ್ಲುಗಾವಲುಗಳ ನಡುವಿನ ಜೌಗು ಕಣಿವೆಗಳಲ್ಲಿ, ಪೀಟ್ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಅದರ ಪದರಗಳಲ್ಲಿ ಕಾರ್ಬನ್-13ರ ಪ್ರಮಾಣವನ್ನು ಅಳೆದು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಣಹವೆಯ ಹುಲ್ಲುಗಳಲ್ಲೂ ತೇವಹವೆಯ ಸಸ್ಯಗಳಲ್ಲೂ ಈ ಪ್ರಮಾಣ ಬೇರೆಬೇರೆ. ಇದರಿಂದ ಸುಮಾರು 20,000 ವರ್ಷಗಳ ಮಳೆಯ ಏರಿಳಿತ ತಿಳಿಯಿತು: ಹಿಮಯುಗದ ತುದಿಯಲ್ಲಿ ಒಣಹವೆ, ಸುಮಾರು 11,000 ವರ್ಷಗಳ ಹಿಂದೆ ಬಲವಾದ ಮುಂಗಾರು. ಪೀಟ್ ಒಂದು ದಿನಚರಿ ಪುಸ್ತಕವಿದ್ದಂತೆ ಎಂದಾಗ ಮಕ್ಕಳಿಗೆ ಬೇಗ ಅರ್ಥವಾಯಿತು.

ಉಪಯೋಗಗಳು

1. ಒಣಗಿಸಿದ ಪೀಟ್ ಇಂಧನ. ಐರ್ಲೆಂಡಿನ ಹಳ್ಳಿಗಳಲ್ಲಿ ಇಟ್ಟಿಗೆಯಂತೆ ಕತ್ತರಿಸಿ ಒಲೆಗೆ ಹಾಕುತ್ತಿದ್ದರು.
2. ನೀರನ್ನು ಹಿಡಿದಿಡುವುದರಿಂದ ಸಸಿ ಬೆಳೆಸಲು ಬಳಕೆ.
3. ಕೀಳದೆ ಬಿಟ್ಟರೆ ಇಂಗಾಲದ ಉಗ್ರಾಣ. ಭೂಭಾಗದ ಸುಮಾರು ಶೇ. 3ರಷ್ಟಿರುವ ಪೀಟ್ ನೆಲಗಳು ಜಗತ್ತಿನ ಕಾಡುಗಳ ಎಲ್ಲ ಗಿಡಮರಗಳಿಗಿಂತ ಹೆಚ್ಚು ಇಂಗಾಲವನ್ನು ಹಿಡಿದಿಟ್ಟಿವೆ. ನೀರು ಬಸಿದರೆ ಆ ಇಂಗಾಲ ಗಾಳಿಗೆ ಸೇರುತ್ತದೆ, ಬೆಂಕಿಯೂ ಸುಲಭವಾಗಿ ಹತ್ತುತ್ತದೆ. 2015ರಲ್ಲಿ ಇಂಡೋನೇಷ್ಯಾದಲ್ಲಿ ಹೀಗೆಯೇ ಆಯಿತು.

ತಿದ್ದಿದ ಪಾಠ

ಮರುದಿನ ತರಗತಿಯಲ್ಲಿ ಮೊದಲು ಹೇಳಿದ್ದು, “ನಿನ್ನೆ ನಾನು ಹೇಳಿದ್ದು ತಪ್ಪು” ಎಂದು. ತಕ್ಷಣ ನಿಶ್ಶಬ್ದ. ಆ ಹುಡುಗಿ ಒಂದು ಹಿಡಿ ಕೋಕೋಪೀಟ್ ತಂದಿದ್ದಳು. ಎಲ್ಲರೂ ಮುಟ್ಟಿ ನೋಡಿದರು. ಅದು ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವಾಗ ಉದುರುವ ಪುಡಿ. ಜೌಗಿನಲ್ಲಿ ಹುಟ್ಟಿದ್ದಲ್ಲ, ಪೀಟ್‌ನಂತೆ ನೀರು ಹಿಡಿಯುವುದರಿಂದ ಆ ಹೆಸರು. “ಹಾಗಾದ್ರೆ ಗಿಡಕ್ಕೆ ಯಾವುದು ಒಳ್ಳೇದು ಮಿಸ್?” ಎಂದು ಅವಳೇ ಕೇಳಿದಳು. ಉತ್ತರವನ್ನು ತರಗತಿಗೇ ಬಿಟ್ಟೆ. ಒಬ್ಬ ಹುಡುಗ ಲೆಕ್ಕ ಹಾಕಿದ: “ತೆಂಗಿನಕಾಯಿ ಒಂದು ವರ್ಷಕ್ಕೆ ಬಲಿಯುತ್ತೆ, ಒಂದು ಗೇಣು ಪೀಟ್‌ಗೆ ಇನ್ನೂರು ವರ್ಷ ಬೇಕು.”

ನನ್ನ ಪಾಠ ಯೋಜನೆಯಲ್ಲಿ ಈ ವಾಕ್ಯ ಇರಲಿಲ್ಲ. ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೇ: ಗೊತ್ತಿಲ್ಲದ ಪ್ರಶ್ನೆ ಬಂದರೆ “ನಾಳೆ ನೋಡಿ ಹೇಳುತ್ತೇನೆ” ಎನ್ನಿ. ಮರೆಯದೆ ಹೇಳಿ.