ಮನೆಯ ನಿಸ್ತಂತು ಕೊಂಡಿ

ದೀಪ, ಫ್ಯಾನು, ಬಾಗಿಲ ಬೀಗಗಳನ್ನು ರೇಡಿಯೋ ಅಲೆಗಳ ಮೂಲಕ ಗಣಕಯಂತ್ರಕ್ಕೆ ಜೋಡಿಸುವ ಪುಟ್ಟ ಸಾಧನವೇ ಯುಎಸ್‌ಬಿ ಅಡಾಪ್ಟರ್. ಇದನ್ನು ಕೊಳ್ಳುವವರು ಮೊದಲು ವಿಚಾರಿಸಬೇಕಾದುದು ಬೆಲೆಯನ್ನಲ್ಲ, ಅದು ಬಲ್ಲ ಭಾಷೆಯನ್ನು. ಜಿಗ್‌ಬೀ, ಝಡ್-ವೇವ್ ಎಂಬ ಎರಡು ಪದ್ಧತಿಗಳಲ್ಲಿ ಒಂದರ ನುಡಿ ಇನ್ನೊಂದಕ್ಕೆ ತಿಳಿಯದು. ಜಿಗ್‌ಬೀ ಲೋಕದೆಲ್ಲೆಡೆ 2.4 ಗಿಗಾಹರ್ಟ್ಸ್ ಕಂಪನಾಂಕವನ್ನು ಬಳಸುತ್ತದೆ. ಝಡ್-ವೇವ್ ಹಾಗಲ್ಲ, ಅದಕ್ಕೆ ಭಾರತದಲ್ಲಿ ಸುಮಾರು 865, ಅಮೆರಿಕದಲ್ಲಿ 908 ಮೆಗಾಹರ್ಟ್ಸ್. ಅಮೆರಿಕದ ಕಂಪನಾಂಕಕ್ಕೆ ಹೊಂದಿಸಿದ ಅಡಾಪ್ಟರನ್ನು ಬಂಧುಗಳು ಅಕ್ಕರೆಯಿಂದ ತಂದುಕೊಟ್ಟರೂ ಅದರ ಕರೆ ಇಲ್ಲಿಯ ಬೀಗಕ್ಕೆ ಕೇಳಿಸದು!

ಸರಿಯಾದುದನ್ನೇ ಆರಿಸಿದರೂ ಕೆಲವೊಮ್ಮೆ ದೀಪ ಹೊತ್ತದು. ಯುಎಸ್‌ಬಿ 3.0 ಜೋಡಣೆಯಿಂದ ಹೊಮ್ಮುವ ರೇಡಿಯೋ ಗದ್ದಲವು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿಯೂ ಹರಡುತ್ತದೆಂದು ಇಂಟೆಲ್ ಸಂಸ್ಥೆಯು 2012ರಲ್ಲಿ ತೋರಿಸಿತು. ಜಿಗ್‌ಬೀಯ ಕ್ಷೀಣ ಸಂಕೇತ ಅದರಲ್ಲಿ ಅಡಗಿಹೋಗುತ್ತದೆ. ಆಗ ಹೊಸ ಅಡಾಪ್ಟರ್ ಕೊಳ್ಳಬೇಕಾಗಿಲ್ಲ. ಇದ್ದುದನ್ನೇ ಒಂದು ಮೀಟರ್ ಕೇಬಲಿನ ತುದಿಗೆ ಸಿಕ್ಕಿಸಿ ಗಣಕದಿಂದ ದೂರವಿರಿಸಿದರೆ ಹಲವು ವೇಳೆ ದೀಪ ಮತ್ತೆ ಹೊತ್ತಿಕೊಳ್ಳುತ್ತದೆ.